ದೊಡ್ಡ ಚುಕ್ಕಿಯ ಸುತ್ತ ಸಣ್ಣ ಚುಕ್ಕಿಗಳು

ಕಳೆದ ಚಳಿಗಾಲದ ಒಂದು ರಾತ್ರಿ ಕಮಲಾಪುರದ ಹೊರವಲಯದ ಹೊಲವೊಂದರಲ್ಲಿ ಹೈಸ್ಕೂಲು ಮಕ್ಕಳಿಗೆ ಆಕಾಶ ತೋರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತೊಗರಿಯ ರಾಶಿ ಮುಗಿದು ಹೊಲ ಬಯಲಾಗಿತ್ತು. ಒಂದು ಪಕ್ಕದಲ್ಲಿ ಈ ಊರಿಗೆ ಭೌಗೋಳಿಕ ಸೂಚಿಯ ಮಾನ್ಯತೆ ತಂದುಕೊಟ್ಟ ಕೆಂಪು ಬಾಳೆಯ ತೋಟ. ನೈಋತ್ಯದ ದಿಗಂತದಲ್ಲಿ, ಮೂವತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿರುವ ಕಲಬುರಗಿ ನಗರದ ದೀಪಗಳ ಮಸುಕು ಹಳದಿ. ಅದನ್ನು ಬಿಟ್ಟರೆ ಆಕಾಶ ಸ್ವಚ್ಛವಾಗಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿ ನಿವೃತ್ತನಾದ ನನ್ನಂಥವನಿಗೆ ಇಂಥ ರಾತ್ರಿಗಿಂತ ಹೆಚ್ಚಿನ ಸಂತೋಷ ಮತ್ತೊಂದಿಲ್ಲ.

ನನ್ನಲ್ಲಿದ್ದ ನಾಲ್ಕು ಇಂಚಿನ ಸಣ್ಣ ದೂರದರ್ಶಕವನ್ನು ಮಹಾವ್ಯಾಧನ ಸೊಂಟದ ಕೆಳಗಿನ ಖಡ್ಗದತ್ತ ತಿರುಗಿಸಿದ್ದೆ. ಅಲ್ಲಿರುವುದು ಒಂದು ನೀಹಾರಿಕೆ. ನಕ್ಷತ್ರಗಳು ಹುಟ್ಟುತ್ತಿರುವ ಅನಿಲದ ಮೋಡ. ಸುಮಾರು 1,300 ಜ್ಯೋತಿರ್ವರ್ಷ ದೂರ. ನಾವು ಅಂದು ನೋಡಿದ ಬೆಳಕು ಅಲ್ಲಿಂದ ಹೊರಟಾಗ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದರು ಎಂದೊಡನೆ ಮಕ್ಕಳು ಕಣ್ಣರಳಿಸಿದರು. ಆ ಮಸುಕಿನ ನಡುವೆ ಒತ್ತೊತ್ತಾಗಿ ನಾಲ್ಕು ನಕ್ಷತ್ರಗಳು ಕಾಣುತ್ತವೆ. ಅವುಗಳಲ್ಲಿ ಅತ್ಯಂತ ಪ್ರಖರವಾದ ಒಂದೇ ನಕ್ಷತ್ರ ಇಡೀ ನೀಹಾರಿಕೆಯನ್ನು ಬಹುಮಟ್ಟಿಗೆ ಬೆಳಗಿಸುತ್ತಿದೆ, ಅದು ನಮ್ಮ ಸೂರ್ಯನಿಗಿಂತ ಹಲವು ಹತ್ತು ಪಟ್ಟು ಭಾರವಾದದ್ದು ಎಂದು ನಾನು ವಿವರಿಸುತ್ತಿದ್ದಾಗ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ‘ಸರ್, ಅಷ್ಟು ದೊಡ್ಡ ಚುಕ್ಕಿ ಆಜುಬಾಜು ಇರೋ ಸಣ್ಣ ಚುಕ್ಕಿಗೋಳಿಗಿ ಬೆಳಿಲಾಕ ಬಿಡ್ತದೇನ್ರಿ?’

ಮೂವತ್ತು ವರ್ಷಗಳ ಬೋಧನೆಯಲ್ಲಿ ನನಗೆ ಇಂಥ ಪ್ರಶ್ನೆ ಎದುರಾದದ್ದು ಕಡಿಮೆ. ಇದು ಮಗುವಿನ ಕುತೂಹಲದ ಪ್ರಶ್ನೆಯಷ್ಟೇ ಅಲ್ಲ. ಖಗೋಳವಿಜ್ಞಾನಿಗಳು ಅರ್ಧ ಶತಮಾನದಿಂದ ಕೇಳಿಕೊಳ್ಳುತ್ತಿರುವ, ಇಂದಿಗೂ ಪೂರ್ತಿಯಾಗಿ ಬಗೆಹರಿಯದ ಪ್ರಶ್ನೆ. ಅಂದು ರಾತ್ರಿ ಚಳಿಯಲ್ಲಿ ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಲು ಯತ್ನಿಸುತ್ತೇನೆ. ಏಕೆಂದರೆ ಆ ಹುಡುಗಿ ಅನಂತರ ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರಿಸಬೇಕಾದವರು ನಾವೆಲ್ಲರೂ.

ನಕ್ಷತ್ರದ ಜನನವೆಂಬುದು ಎರಡು ಶಕ್ತಿಗಳ ನಡುವಣ ಜಗ್ಗಾಟ. ಗ್ಯಾಲಕ್ಸಿಯ ಅನಿಲದ ಮೋಡಗಳು ಕೆಲವೆಡೆ ಅತಿ ಶೀತಲವಾಗಿರುತ್ತವೆ. ಸೊನ್ನೆಯ ಕೆಳಗೆ 260 ಡಿಗ್ರಿ ಸೆಲ್ಸಿಯಸ್‌ನಷ್ಟು. ಅಂಥ ಮೋಡವನ್ನು ಅದರ ಗುರುತ್ವ ಒಳಕ್ಕೆ ಎಳೆಯುತ್ತದೆ, ಅನಿಲದ ಒತ್ತಡ ಹೊರಕ್ಕೆ ನೂಕುತ್ತದೆ. ಸಾಕಷ್ಟು ದ್ರವ್ಯ ಸಾಕಷ್ಟು ಕಡಿಮೆ ಜಾಗದಲ್ಲಿ ಸೇರಿದರೆ ಗುರುತ್ವ ಗೆಲ್ಲುತ್ತದೆ, ಮೋಡ ಕುಸಿದು ನಕ್ಷತ್ರವಾಗುತ್ತದೆ. ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಜೀನ್ಸ್ ಈ ಲೆಕ್ಕವನ್ನು 1902ರಷ್ಟು ಹಿಂದೆಯೇ ಮುಂದಿಟ್ಟಿದ್ದರು. ಆದರೆ ಇಲ್ಲೊಂದು ಒಗಟಿದೆ. ನಮ್ಮ ಆಕಾಶಗಂಗೆಯ ಶೀತಲ ಮೋಡಗಳೆಲ್ಲ ತಡೆಯಿಲ್ಲದೆ ಕುಸಿದರೆ ಎಷ್ಟು ನಕ್ಷತ್ರಗಳು ಹುಟ್ಟಬೇಕೋ, ವಾಸ್ತವವಾಗಿ ಹುಟ್ಟುತ್ತಿರುವುದು ಅದರ ನೂರರಲ್ಲೊಂದು ಪಾಲಿನಷ್ಟು ಮಾತ್ರ. ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೂರ್ಯರಷ್ಟು ದ್ರವ್ಯ ನಕ್ಷತ್ರಗಳಾಗಿ ಮಾರ್ಪಡುತ್ತಿದೆ. ಹಾಗಾದರೆ ತಡೆಯುತ್ತಿರುವವರು ಯಾರು? ಅನಿಲದ ಪ್ರಕ್ಷುಬ್ಧ ಚಲನೆ, ಕಾಂತಕ್ಷೇತ್ರ ಮುಂತಾದ ಕಾರಣಗಳಿವೆ. ಆದರೆ ಆರೋಪಿಗಳ ಸಾಲಿನಲ್ಲಿ ಮುಂಚೂಣಿಯಲ್ಲಿ ನಿಲ್ಲುವುದು ಆ ಮೋಡಗಳಿಂದಲೇ ಹುಟ್ಟಿದ ದೈತ್ಯ ನಕ್ಷತ್ರಗಳು.

ಸೂರ್ಯನಿಗಿಂತ ಎಂಟು ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಭಾರವಿರುವ ನಕ್ಷತ್ರಗಳನ್ನು ದೈತ್ಯ ದ್ರವ್ಯರಾಶಿಯವು ಎನ್ನುವುದು ವಾಡಿಕೆ. ನೂರಾರು ಸಣ್ಣ ನಕ್ಷತ್ರಗಳು ಹುಟ್ಟುವೆಡೆ ಇಂಥದ್ದು ಒಂದೋ ಎರಡೋ ಹುಟ್ಟುತ್ತದೆ. ಅವುಗಳ ಬಾಳು ಅಲ್ಪ, ಆದರೆ ಆರ್ಭಟ ಅಪಾರ. ಸೂರ್ಯನ ಆಯುಷ್ಯ ಸುಮಾರು 1,000 ಕೋಟಿ ವರ್ಷವಾದರೆ, ಸೂರ್ಯನ ನಲವತ್ತು ಪಟ್ಟು ಭಾರದ ನಕ್ಷತ್ರ ಐವತ್ತು ಲಕ್ಷ ವರ್ಷಗಳ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ಅಷ್ಟರೊಳಗೆ ಅದು ಸುತ್ತಲ ಮೋಡದ ಮೇಲೆ ಮೂರು ಬಗೆಯ ದಾಳಿ ನಡೆಸುತ್ತದೆ. ಮೊದಲನೆಯದು ಅತಿನೇರಳೆ ಕಿರಣಗಳದ್ದು. ಅವು ಜಲಜನಕದ ಪರಮಾಣುಗಳನ್ನು ಒಡೆದು, ಶೀತಲವಾಗಿದ್ದ ಅನಿಲವನ್ನು 10,000 ಡಿಗ್ರಿಗೆ ಕಾಯಿಸುತ್ತವೆ. ಕಾದ ಅನಿಲ ಹಿಗ್ಗಿ ಸುತ್ತಲಿನದನ್ನು ನೂಕುತ್ತದೆ. ಎರಡನೆಯದು ನಕ್ಷತ್ರದ ಮೈಯಿಂದ ಸೆಕೆಂಡಿಗೆ ಸಾವಿರ, ಎರಡು ಸಾವಿರ ಕಿಲೋಮೀಟರ್ ವೇಗದಲ್ಲಿ ಬೀಸುವ ಕಣಗಳ ಗಾಳಿ. ಮೂರನೆಯದು ಕಟ್ಟಕಡೆಯ ಸ್ಫೋಟ, ಅಂದರೆ ಸೂಪರ್‌ನೋವಾ.

ಇದರಿಂದಾಗುವ ಹಾನಿ ಊಹೆಯ ಮಾತಲ್ಲ. ನಾವು ಅಂದು ನೋಡಿದ ಮಹಾವ್ಯಾಧನ ನೀಹಾರಿಕೆಯಲ್ಲೇ, 1990ರ ದಶಕದಲ್ಲಿ ಹಬಲ್ ದೂರದರ್ಶಕ ತೆಗೆದ ಚಿತ್ರಗಳಲ್ಲಿ, ಎಳೆಯ ಸಣ್ಣ ನಕ್ಷತ್ರಗಳ ಸುತ್ತ ಗ್ರಹಗಳಾಗಬೇಕಿದ್ದ ಅನಿಲ-ಧೂಳಿನ ತಟ್ಟೆಗಳು ದೊಡ್ಡ ನಕ್ಷತ್ರದ ಉರಿಗೆ ಆವಿಯಾಗಿ ಬಾಲ ಬಿಡುತ್ತಿರುವುದು ಸ್ಪಷ್ಟವಾಗಿ ಕಂಡಿತು. ಅಲ್ಲಿಗೆ ಹುಡುಗಿಯ ಪ್ರಶ್ನೆಗೆ ಉತ್ತರ ‘ಇಲ್ಲ, ಬೆಳೆಯಗೊಡುವುದಿಲ್ಲ’ ಎಂದೇ ಆಗಬೇಕು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. 1977ರಲ್ಲಿ ಬ್ರೂಸ್ ಎಲ್ಮೆಗ್ರೀನ್ ಮತ್ತು ಚಾರ್ಲ್ಸ್ ಲಾಡಾ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೆ ತದ್ವಿರುದ್ಧವೆನಿಸುವ ವಾದವನ್ನು ಮಂಡಿಸಿದರು. ಹಿಗ್ಗುವ ಬಿಸಿ ಅನಿಲ ತನ್ನ ಮುಂದಿರುವ ತಣ್ಣನೆಯ ಅನಿಲವನ್ನು ಗುಡಿಸಿ ಒಂದು ಪದರವಾಗಿ ಒಟ್ಟುಗೂಡಿಸುತ್ತದೆ; ಆ ಪದರ ಸಾಂದ್ರವಾಗುತ್ತ ಹೋಗಿ ಒಂದು ಹಂತದಲ್ಲಿ ತನ್ನ ಭಾರಕ್ಕೆ ತಾನೇ ಕುಸಿದು ಹೊಸ ನಕ್ಷತ್ರಗಳಾಗುತ್ತದೆ; ಅವುಗಳಲ್ಲಿನ ದೈತ್ಯರು ಮತ್ತೆ ಮುಂದಿನ ಪದರವನ್ನು ಗುಡಿಸುತ್ತಾರೆ. ಹೀಗೆ ಒಂದು ಪೀಳಿಗೆ ಮತ್ತೊಂದನ್ನು ಹುಟ್ಟಿಸುತ್ತ ಸಾಗುತ್ತದೆ ಎಂಬುದು ಅವರ ಪ್ರತಿಪಾದನೆ. ಅಂದರೆ ದೊಡ್ಡ ನಕ್ಷತ್ರ ಹಂತಕನಷ್ಟೇ ಅಲ್ಲ, ಸೂಲಗಿತ್ತಿಯೂ ಹೌದು.

ಎರಡರಲ್ಲಿ ಯಾವುದು ನಿಜ? ಇದನ್ನು ನಮ್ಮ ಆಕಾಶಗಂಗೆಯೊಳಗೇ ಕುಳಿತು ತೀರ್ಮಾನಿಸುವುದು ಕಷ್ಟ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಓಣಿಯಲ್ಲಿ ನಿಂತವನಿಗೆ ಅಂಗಡಿಗಳ ಫಲಕಗಳು ಕಾಣುತ್ತವೆಯೇ ಹೊರತು ಊರಿನ ನಕಾಶೆ ಕಾಣುವುದಿಲ್ಲ. ಹಾಗೆಯೇ ನಮ್ಮ ಗ್ಯಾಲಕ್ಸಿಯ ತಟ್ಟೆಯೊಳಗೆ ಹುದುಗಿರುವ ನಮಗೆ ಧೂಳು ಅಡ್ಡ ಬರುತ್ತದೆ. ಯಾವುದು ಮುಂದೆ, ಯಾವುದು ಹಿಂದೆ ಎಂಬುದೇ ಗೊಂದಲವಾಗುತ್ತದೆ. ಆದ್ದರಿಂದ ಖಗೋಳಜ್ಞರು ನೆರೆಯ ಗ್ಯಾಲಕ್ಸಿಗಳತ್ತ ನೋಡುತ್ತಾರೆ. ನೆರೆಮನೆ ಪೂರ್ತಿ ಕಾಣುವಷ್ಟು ದೂರದಲ್ಲಿರಬೇಕು, ಕೋಣೆಗಳನ್ನು ಎಣಿಸುವಷ್ಟು ಹತ್ತಿರದಲ್ಲಿಯೂ ಇರಬೇಕು.

ಇಲ್ಲಿ ನಮ್ಮ ನಾಡಿನ ಪಾತ್ರ ಬರುತ್ತದೆ. ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಉಡಾವಣೆಯಾಯಿತು. ಅದರಲ್ಲಿದ್ದ ಉಪಕರಣಗಳಲ್ಲೊಂದು ಅತಿನೇರಳೆ ಚಿತ್ರಗ್ರಾಹಕ ದೂರದರ್ಶಕ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ, ಇಸ್ರೊ ಹಾಗೂ ದೇಶದ ಇತರ ಸಂಸ್ಥೆಗಳೊಡನೆ, ಕೆನಡಾ ದೇಶದ ಸಹಕಾರದಿಂದ ರೂಪುಗೊಂಡ ಈ ಜೋಡಿ ದೂರದರ್ಶಕವನ್ನು ಜೋಡಿಸಿ ಪರೀಕ್ಷಿಸಿದ್ದು ಹೊಸಕೋಟೆಯಲ್ಲಿರುವ ಆ ಸಂಸ್ಥೆಯ ಪ್ರಯೋಗಾಲಯದಲ್ಲಿ. ಅತಿನೇರಳೆ ಕಿರಣಗಳನ್ನು ನಮ್ಮ ವಾಯುಮಂಡಲ ತಡೆಯುತ್ತದೆ. ಆದ್ದರಿಂದ ದೂರದರ್ಶಕವನ್ನು 650 ಕಿಲೋಮೀಟರ್ ಎತ್ತರಕ್ಕೆ ಒಯ್ಯದೆ ಗತ್ಯಂತರವಿರಲಿಲ್ಲ. ಅದರ ಕನ್ನಡಿಗಳು 38 ಸೆಂಟಿಮೀಟರ್ ಅಗಲದ ಸಾಧಾರಣ ಕನ್ನಡಿಗಳೇ. ಆದರೆ ಹುಣ್ಣಿಮೆಯ ಚಂದ್ರನಷ್ಟು ಅಗಲದ ಆಕಾಶವನ್ನು ಒಮ್ಮೆಗೇ, ಹಿಂದಿನ ಅಮೆರಿಕನ್ ಅತಿನೇರಳೆ ಸಮೀಕ್ಷಾ ಉಪಗ್ರಹಕ್ಕಿಂತ ಹೆಚ್ಚು ಸ್ಫುಟವಾಗಿ ಅದು ಚಿತ್ರಿಸಬಲ್ಲದಾಗಿತ್ತು. ಎಳೆಯ ದೈತ್ಯ ನಕ್ಷತ್ರಗಳು ಅತ್ಯಂತ ಪ್ರಖರವಾಗಿ ಹೊಳೆಯುವುದು ಅತಿನೇರಳೆಯಲ್ಲೇ. ಎಲ್ಲಿ ಹೊಸ ಸಂಸಾರ ಹೂಡಿದ್ದಾರೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಕಣ್ಣಿಲ್ಲ.

ಈ ಕಣ್ಣಿನಿಂದ ನೋಡಿದ ಗ್ಯಾಲಕ್ಸಿಗಳಲ್ಲಿ ಐ.ಸಿ. 2574 ಎಂಬುದೊಂದು. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಕುಬ್ಜ ಗ್ಯಾಲಕ್ಸಿ. ಬೇಸಿಗೆಯ ಆರಂಭದ ರಾತ್ರಿಗಳಲ್ಲಿ ಕಲಬುರಗಿಯ ಉತ್ತರ ದಿಕ್ಕಿನ ಆಕಾಶದಲ್ಲಿ ಅದು ಚೆನ್ನಾಗಿಯೇ ಮೇಲೇರುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ ಅಷ್ಟೆ. ರೇಡಿಯೊ ದೂರದರ್ಶಕಗಳು 1990ರ ದಶಕದಲ್ಲಿ ಈ ಗ್ಯಾಲಕ್ಸಿಯ ಜಲಜನಕ ಅನಿಲವನ್ನು ಚಿತ್ರಿಸಿದಾಗ ಅದು ಜರಡಿಯಂತೆ ತೂತುತೂತಾಗಿ ಕಂಡಿತು. 48 ರಂಧ್ರಗಳನ್ನು ಗುರುತಿಸಲಾಯಿತು. ಹಿಂದಿನ ಪೀಳಿಗೆಯ ದೈತ್ಯ ನಕ್ಷತ್ರಗಳ ಗಾಳಿ ಮತ್ತು ಸ್ಫೋಟಗಳು ಅನಿಲವನ್ನು ಊದಿ ಬರಿದು ಮಾಡಿದ ಜಾಗಗಳು ಇವು ಎಂಬುದು ಬಹುಮಾನ್ಯವಾದ ವಿವರಣೆ. ಅವುಗಳಲ್ಲೊಂದು ಸುಮಾರು ಮೂರು ಸಾವಿರ ಜ್ಯೋತಿರ್ವರ್ಷ ಉದ್ದವಿದೆ. ಅದರ ನಡುವೆ ಒಂದು ಹಳೆಯ ನಕ್ಷತ್ರ ಗುಚ್ಛ, ಅಂಚಿನ ಸುತ್ತ ಅದಕ್ಕಿಂತ ಎಷ್ಟೋ ಚಿಕ್ಕ ವಯಸ್ಸಿನ ಗುಚ್ಛಗಳು. ತಾಯಿ ನಡುವೆ, ಮಕ್ಕಳು ಸುತ್ತ ಎಂಬಂಥ ಚಿತ್ರ.

ಚಯನ್ ಮಂಡಲ್, ಅನ್ನಪೂರ್ಣಿ ಸುಬ್ರಮಣ್ಯಂ ಮತ್ತು ಕೋಶಿ ಜಾರ್ಜ್ ಅವರು ಆಸ್ಟ್ರೋಸ್ಯಾಟ್‌ನ ಅತಿನೇರಳೆ ಚಿತ್ರಗಳನ್ನು ಈ ರಂಧ್ರಗಳ ನಕಾಶೆಯ ಮೇಲೆ ಇಟ್ಟು ನೋಡಿ 2019ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಎಳೆಯ ನಕ್ಷತ್ರಗಳಿರುವ ನಾನೂರಕ್ಕೂ ಹೆಚ್ಚು ತಾಣಗಳು ಅವರಿಗೆ ಕಂಡವು. ಅರ್ಧಕ್ಕಿಂತ ಹೆಚ್ಚು ರಂಧ್ರಗಳ ಅಂಚಿನಲ್ಲಿ ಹೊಸ ನಕ್ಷತ್ರಗಳಿದ್ದವು. ಅಂದರೆ ಸೂಲಗಿತ್ತಿಯ ವಾದಕ್ಕೆ ಬೆಂಬಲ ದೊರೆಯಿತು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧಸತ್ಯ. ಕೆಲವು ರಂಧ್ರಗಳ ಸುತ್ತ ಏನೂ ಹುಟ್ಟಿರಲಿಲ್ಲ. ಮೇಲಾಗಿ ಹೊಸ ತಾಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ರಂಧ್ರಗಳಿಂದ ದೂರವೇ ಇದ್ದವು. ಬಹುಪಾಲು ತಾಣಗಳಿಗೆ ಸಮಾನವಾಗಿದ್ದ ಗುಣ ಒಂದೇ: ಅಲ್ಲಿ ಅನಿಲ ದಟ್ಟವಾಗಿತ್ತು. ದೈತ್ಯರ ತಳ್ಳುವಿಕೆ ನಕ್ಷತ್ರ ಜನನಕ್ಕೆ ಒಂದು ಕಾರಣ ಹೌದು, ಆದರೆ ಅದೇ ಮುಖ್ಯ ಕಾರಣವಲ್ಲ ಎಂಬುದು ಆ ಅಧ್ಯಯನದ ಸಾರ.

ಇನ್ನೂ ಹತ್ತಿರದ ಗ್ಯಾಲಕ್ಸಿಯೊಂದರಲ್ಲಿ ಇದೇ ಕಥೆ ಹೆಚ್ಚು ಉಗ್ರವಾಗಿ ನಡೆಯುತ್ತಿದೆ. ದಕ್ಷಿಣಾಕಾಶದ ದೊಡ್ಡ ಮೆಗೆಲನ್ ಮೋಡ ನಮ್ಮಿಂದ ಸುಮಾರು 1,60,000 ಜ್ಯೋತಿರ್ವರ್ಷ ದೂರದಲ್ಲಿದೆ. ಕಲಬುರಗಿಯಿಂದ ಅದು ದಿಗಂತದ ಮೇಲೆ ಮೂರು-ನಾಲ್ಕು ಡಿಗ್ರಿಗಿಂತ ಎತ್ತರಕ್ಕೆ ಬಾರದು. ಧೂಳು ಮತ್ತು ದೀಪಗಳ ಹಿಂದೆ ಅಡಗಿಯೇ ಇರುತ್ತದೆ. ಅಲ್ಲಿನ ಟರಾಂಟುಲಾ ನೀಹಾರಿಕೆಯ ನಡುವೆ ಆರ್ 136 ಎಂಬ ಗುಚ್ಛವಿದೆ. ಅದರಲ್ಲಿನ ಒಂದು ನಕ್ಷತ್ರ ಸೂರ್ಯನ ಸುಮಾರು ಇನ್ನೂರು ಪಟ್ಟು ಭಾರವಾದದ್ದು, ನಲವತ್ತು ಲಕ್ಷಕ್ಕೂ ಹೆಚ್ಚು ಸೂರ್ಯರ ಬೆಳಕನ್ನು ಚೆಲ್ಲುವಂಥದ್ದು. 2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೆಗೆದ ಚಿತ್ರದಲ್ಲಿ ಈ ಗುಚ್ಛ ತನ್ನ ಸುತ್ತ ದೊಡ್ಡ ಪೊಳ್ಳನ್ನೇ ಕೊರೆದಿರುವುದು ಕಂಡಿತು. ಆದರೆ ಪೊಳ್ಳಿನ ಗೋಡೆಯಲ್ಲಿ ಅತ್ಯಂತ ದಟ್ಟವಾದ ಕೆಲವು ಕಂಬಗಳು ಗಾಳಿಗೆದುರಾಗಿ ನಿಂತಿದ್ದವು, ಅವುಗಳೊಳಗೆ ಹೊಸ ನಕ್ಷತ್ರಗಳು ರೂಪುಗೊಳ್ಳುತ್ತಿದ್ದವು. ಅದೇ ವರ್ಷ ಚಿಲಿ ದೇಶದ ಆಲ್ಮಾ ರೇಡಿಯೊ ದೂರದರ್ಶಕ ಸಮೂಹದಿಂದ ಅಲ್ಲಿನ ಶೀತಲ ಅನಿಲವನ್ನು ಚಿತ್ರಿಸಿದ ಟೋನಿ ವಾಂಗ್ ಮತ್ತವರ ಸಂಗಡಿಗರು, ಇಷ್ಟು ಪ್ರಚಂಡ ಉಪದ್ರವದ ನಡುವೆಯೂ ಸಾಂದ್ರವಾದ ಎಳೆಗಳಲ್ಲಿ ಗುರುತ್ವ ತನ್ನ ಕೆಲಸವನ್ನು ಬಿಟ್ಟಿಲ್ಲವೆಂದು ತೋರಿಸಿದರು.

ಇವೆಲ್ಲವನ್ನೂ ಒಟ್ಟಾಗಿ ನೋಡಿದಾಗ ಹುಡುಗಿಯ ಪ್ರಶ್ನೆಗೆ ಉತ್ತರ ‘ಹೌದು’ ಎಂದೂ ಅಲ್ಲ, ‘ಇಲ್ಲ’ ಎಂದೂ ಅಲ್ಲ. ದೊಡ್ಡ ನಕ್ಷತ್ರ ಬೀಸಿದ ಅಲೆ ಒಂದೇ. ಅನಿಲ ತೆಳುವಾಗಿರುವೆಡೆ ಅದು ಇದ್ದದ್ದನ್ನೂ ಚದುರಿಸುತ್ತದೆ. ಅನಿಲ ಮೊದಲೇ ದಟ್ಟವಾಗಿ ಕೂಡಿರುವೆಡೆ ಅದನ್ನೇ ಒತ್ತಿ ನಕ್ಷತ್ರವಾಗಿಸುತ್ತದೆ. ಫಲಿತಾಂಶವನ್ನು ನಿರ್ಧರಿಸುವುದು ಅಲೆಯ ಬಲವೊಂದೇ ಅಲ್ಲ, ಅದನ್ನು ಎದುರುಗೊಳ್ಳುವ ಮೋಡದ ಸ್ಥಿತಿ. ಇನ್ನೊಂದು ಎಚ್ಚರಿಕೆಯನ್ನೂ ವಿಜ್ಞಾನಿಗಳು ಮತ್ತೆ ಮತ್ತೆ ಹೇಳುತ್ತಾರೆ. ಅಂಚಿನಲ್ಲಿ ಎಳೆಯ ನಕ್ಷತ್ರವೊಂದು ಕಂಡ ಮಾತ್ರಕ್ಕೆ ಅದನ್ನು ದೊಡ್ಡದೇ ಹುಟ್ಟಿಸಿತು ಎನ್ನಲಾಗದು. ಅದು ಹೇಗಿದ್ದರೂ ಹುಟ್ಟುತ್ತಿತ್ತೇನೋ. ಅಲೆ ಅದರ ಸುತ್ತಲ ತೆರೆಯನ್ನು ಸರಿಸಿ ನಮಗೆ ಕಾಣುವಂತೆ ಮಾಡಿತಷ್ಟೇ ಇರಬಹುದು.

ಅಂದು ಈ ಮಾತನ್ನು ಮಕ್ಕಳಿಗೆ ವಿವರಿಸಲು ನಾನು ತೊಡರುತ್ತಿದ್ದಾಗ, ಹೊಲದ ಒಡೆಯರಾದ ಹಿರಿಯ ರೈತರು ಪಕ್ಕದ ಬಾಳೆಯ ತೋಟವನ್ನು ತೋರಿಸಿ ಹೇಳಿದರು: ‘ಎಲ್ಲಾ ಕಂದು ಬಿಟ್ರ ಒಂದೂ ಗೊನಿ ಚೊಲೊ ಬರಂಗಿಲ್ರಿ ಮಾಸ್ತರ. ಎಲ್ಲಾ ಕಡದ್ರ ಮುಂದಿನ ವರ್ಷ ತ್ವಾಟನ ಇರಂಗಿಲ್ಲ.’ ತಾಯಿ ಬಾಳೆಯ ಬುಡದಲ್ಲಿ ಏಳುವ ಕಂದುಗಳಲ್ಲಿ ಯಾವುದನ್ನು ಉಳಿಸಬೇಕು, ಯಾವಾಗ ಉಳಿಸಬೇಕು ಎಂಬುದೇ ಬೇಸಾಯದ ಜಾಣ್ಮೆ. ನಕ್ಷತ್ರಲೋಕಕ್ಕೂ ಬಾಳೆಯ ತೋಟಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಅಲ್ಲಿ ಬೇಸಾಯಗಾರನಿಲ್ಲ. ಇಲ್ಲಿ ಇದ್ದಾನೆ. ನಾನು ಮುಂದೆ ಹೇಳಬೇಕೆಂದಿರುವುದು ಈ ವ್ಯತ್ಯಾಸವನ್ನು ಕುರಿತೇ.

ಮನೆಗೆ ಹೊರಡುವ ಹೊತ್ತಿಗೆ ಆ ಹುಡುಗಿ ಎರಡನೆಯ ಪ್ರಶ್ನೆ ಕೇಳಿದಳು. ಇದನ್ನೆಲ್ಲ ಓದಬೇಕಾದರೆ ಎಲ್ಲಿಗೆ ಹೋಗಬೇಕು? ನಾನು ಯೋಚಿಸದೆ ಉತ್ತರಿಸಿದೆ: ಬೆಂಗಳೂರಿಗೆ. ಅವಳು ಮತ್ತೇನೂ ಕೇಳಲಿಲ್ಲ. ಆ ಮೌನ ನನ್ನನ್ನು ಇಂದಿಗೂ ಕಾಡುತ್ತಿದೆ. ಏಕೆಂದರೆ ಮೂವತ್ತು ವರ್ಷ ನಾನು ನನ್ನ ಅತ್ಯುತ್ತಮ ವಿದ್ಯಾರ್ಥಿಗಳಿಗೆ ಕೊಟ್ಟ ಸಲಹೆ ಇದೊಂದೇ. ಹೋದವರು ಬೆಳೆದರು, ಅದು ನನಗೆ ಹೆಮ್ಮೆಯೇ. ಹೋಗಲಾಗದವರ ಗತಿ ಏನಾಯಿತೆಂದು ನಾನು ವಿಚಾರಿಸಲಿಲ್ಲ. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚಾಗಿದ್ದರು ಎಂಬುದನ್ನೂ ಈಗ ಒಪ್ಪಿಕೊಳ್ಳಬೇಕು. ನಾನು ಕೆಲಕಾಲ ಪಾಠ ಮಾಡಿದ ಕಾಲೇಜೊಂದರಲ್ಲಿ ಒಳ್ಳೆಯ ದೂರದರ್ಶಕವೊಂದು ವರ್ಷಗಟ್ಟಲೆ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕುಳಿತಿತ್ತು. ಬೀಗದ ಕೈ ಕೇಳುವ ಗೋಜಿಗೆ ನಾನೂ ಹೋಗಲಿಲ್ಲ.

ರಾಜಧಾನಿಯ ಬೆಳವಣಿಗೆ ತಾನೇ ತಾನಾಗಿ ಅಂಚಿನ ಜಿಲ್ಲೆಗಳನ್ನು ತಲುಪುತ್ತದೆ ಎಂಬ ನಂಬಿಕೆ ನಮ್ಮ ಯೋಜಕರಲ್ಲಿ ದೀರ್ಘಕಾಲದಿಂದ ಬೇರೂರಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ ಈ ನಂಬಿಕೆಯ ಟೊಳ್ಳುತನವನ್ನು ಅಂಕಿ-ಅಂಶಗಳಿಂದ ತೋರಿಸಿಕೊಟ್ಟಿತು. ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ತಾಲ್ಲೂಕುಗಳು ಅಂದಿನ ಗುಲಬರ್ಗಾ ವಿಭಾಗದಲ್ಲೇ ಇದ್ದವು. 2012ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂತು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು, ಅದೇ ವರ್ಷ ಕಲಬುರಗಿಗೆ ವಿಮಾನ ನಿಲ್ದಾಣವೂ ಬಂತು. ಇವೆಲ್ಲ ಸ್ವಾಗತಾರ್ಹವೇ. ಆದರೆ ರಸ್ತೆ, ನಿಲ್ದಾಣಗಳು ಅಲೆ ಬೇಗ ತಲುಪುವ ದಾರಿಗಳು ಮಾತ್ರ. ಅಲೆ ತಲುಪಿದಾಗ ಇಲ್ಲಿನ ಮೋಡ ದಟ್ಟವಾಗಿರುತ್ತದೆಯೋ ತೆಳುವಾಗಿರುತ್ತದೆಯೋ ಎಂಬುದೇ ಮುಖ್ಯ. ತೆಳುವಾಗಿದ್ದರೆ ಅದೇ ವಿಮಾನ ಇದ್ದಬದ್ದ ಪ್ರತಿಭೆಯನ್ನೂ ಇನ್ನಷ್ಟು ವೇಗವಾಗಿ ಹೊತ್ತೊಯ್ಯುತ್ತದೆ.

ಉಪಮೆಯೇ ಪ್ರಮಾಣವಲ್ಲ ಎಂಬುದನ್ನು ನಾನು ಬಲ್ಲೆ. ಗ್ಯಾಲಕ್ಸಿಯ ಭೌತಶಾಸ್ತ್ರದಿಂದ ಆಡಳಿತ ನೀತಿಯನ್ನು ಹೆಕ್ಕಿ ತೆಗೆಯುವುದು ಸಲ್ಲದು. ಕಲ್ಯಾಣ ಕರ್ನಾಟಕದ ಹಕ್ಕೊತ್ತಾಯ ನಂಜುಂಡಪ್ಪ ವರದಿಯಂಥ ದಾಖಲೆಗಳ ಮೇಲೆ ನಿಲ್ಲಬೇಕೇ ಹೊರತು ನಕ್ಷತ್ರಗಳ ಮೇಲಲ್ಲ. ಆದರೂ ಉಪಮೆ ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳಲು ಕಲಿಸುತ್ತದೆ. ಬೆಂಗಳೂರು ನಮ್ಮನ್ನು ಬೆಳೆಸುತ್ತಿದೆಯೇ, ಬರಿದು ಮಾಡುತ್ತಿದೆಯೇ ಎಂದು ಜಗಳವಾಡುವುದಕ್ಕಿಂತ, ಇಲ್ಲಿ ಅನಿಲ ಎಷ್ಟು ಕೂಡಿದೆ ಎಂದು ಕೇಳುವುದು ಮೇಲು.

ಬೆಂಗಳೂರಿನ ಸಂಸ್ಥೆಗಳನ್ನು ಹರಿದು ಹಂಚಬೇಕೆಂಬ ವಾದವೂ ನನ್ನದಲ್ಲ. ಒಂದೇ ಊರಿನಲ್ಲಿ ದೃಗ್ವಿಜ್ಞಾನಿ, ಎಲೆಕ್ಟ್ರಾನಿಕ್ಸ್ ತಜ್ಞ, ಉಪಗ್ರಹ ನಿರ್ಮಿಸುವವರು ಕೂಡಿದ್ದರಿಂದಲೇ ಅತಿನೇರಳೆ ದೂರದರ್ಶಕ ಸಾಧ್ಯವಾಯಿತು. ದೊಡ್ಡ ನಕ್ಷತ್ರವನ್ನು ಆರಿಸಿದರೆ ಸಣ್ಣವುಗಳಿಗೆ ಕಬ್ಬಿಣ, ಆಮ್ಲಜನಕ ಕೊಡುವವರು ಯಾರು? ನಮ್ಮ ರಕ್ತದ ಕಬ್ಬಿಣ, ಉಸಿರಿನ ಆಮ್ಲಜನಕ ಹಿಂದಿನ ನಕ್ಷತ್ರಗಳ ಒಲೆಯಲ್ಲಿ ಬೆಂದು ಬಂದದ್ದೇ. ನನ್ನ ವಾದವಿಷ್ಟೆ: ಹೊರಚೆಲ್ಲಿದ್ದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅಂಚಿನಲ್ಲೂ ಇರಬೇಕು.

ಈ ಶಕ್ತಿ ಕಟ್ಟುವುದಕ್ಕೆ ಇಂದು ಹಿಂದೆಂದೂ ಇಲ್ಲದ ಅವಕಾಶವಿದೆ. ಆಸ್ಟ್ರೋಸ್ಯಾಟ್ ಕಳಿಸಿದ ಮಾಹಿತಿಯ ಭಂಡಾರವನ್ನು ಇಸ್ರೊ 2018ರಿಂದ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಐ.ಸಿ. 2574ರ ಚಿತ್ರವನ್ನು ನೋಡಲು ಈಗ ಬೇಕಾದದ್ದು ಒಂದು ಕಂಪ್ಯೂಟರ್, ಅಂತರ್ಜಾಲ, ಮತ್ತು ಅದನ್ನು ಓದುವ ಬಗೆಯನ್ನು ಹೇಳಿಕೊಡುವ ಒಬ್ಬ ಅಧ್ಯಾಪಕ ಅಥವಾ ಅಧ್ಯಾಪಕಿ. ಲಡಾಖಿನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತು ನಿರ್ವಹಿಸಲಾಗುತ್ತದೆ. ಹಾನ್ಲೆಗೂ ಹೊಸಕೋಟೆಗೂ ಇರುವ ದೂರವನ್ನು ದಾಟಬಹುದಾದರೆ, ಹೊಸಕೋಟೆಗೂ ಕಮಲಾಪುರಕ್ಕೂ ಇರುವ ದೂರ ಯಾವ ಲೆಕ್ಕ? ಕಲಬುರಗಿಯಲ್ಲಿ 1980ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವಿದೆ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಕಡಗಂಚಿಯಲ್ಲಿದೆ, 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಕಟ್ಟಡಗಳ ಕೊರತೆ ನಮ್ಮ ಮುಖ್ಯ ರೋಗವಲ್ಲ. ಈ ಕೇಂದ್ರಗಳು, ತಾಲ್ಲೂಕಿನ ಕಾಲೇಜುಗಳು ಮತ್ತು ಬೆಂಗಳೂರಿನ ಸಂಸ್ಥೆಗಳ ನಡುವೆ ವರ್ಷವಿಡೀ ಜೀವಂತವಾಗಿರುವ ಸಂಬಂಧವಿಲ್ಲದಿರುವುದೇ ರೋಗ. ವರ್ಷಕ್ಕೊಂದು ಉಪನ್ಯಾಸ, ಹಾರ-ತುರಾಯಿ, ಛಾಯಾಚಿತ್ರ ಇದಕ್ಕೆ ಮದ್ದಲ್ಲ.

ಮಾಡಬಹುದಾದದ್ದು ಹೆಚ್ಚು ಖರ್ಚಿನದೇನಲ್ಲ. ವಿಶ್ವವಿದ್ಯಾಲಯಗಳು ಪದವಿ ತರಗತಿಯ ಕಿರುಸಂಶೋಧನೆಗೆ ಈ ಮುಕ್ತ ಮಾಹಿತಿಯನ್ನು ಬಳಸುವಂತೆ ಅಧ್ಯಾಪಕರಿಗೆ ತರಬೇತಿ ಕೊಡಬಹುದು. ಬೆಂಗಳೂರಿನ ಸಂಸ್ಥೆಗಳು ಯುವ ಸಂಶೋಧಕರನ್ನು ಒಂದು ದಿನದ ಅತಿಥಿಗಳಾಗಿ ಕಳಿಸುವ ಬದಲು ಒಂದೆರಡು ತಿಂಗಳು ಇಲ್ಲಿ ಇರಿಸಬಹುದು. ಬರೆಯುವವರು ಈ ವಿಜ್ಞಾನವನ್ನು ಕನ್ನಡದಲ್ಲಿ ಬರೆಯಬೇಕು, ಬರೆದದ್ದು ಹಳ್ಳಿಯ ಗ್ರಂಥಾಲಯವನ್ನು ಮುಟ್ಟಬೇಕು. ನಗರಸಭೆ, ಪಂಚಾಯಿತಿಗಳು ಬೀದಿದೀಪದ ಬೆಳಕನ್ನು ನೆಲಕ್ಕೆ ಬೀಳುವಂತೆ ಮರೆಮಾಡಿದರೆ ವಿದ್ಯುತ್ತೂ ಉಳಿಯುತ್ತದೆ, ಆಕಾಶವೂ ಉಳಿಯುತ್ತದೆ. ಹಾನ್ಲೆಯಲ್ಲಿ 2022ರಲ್ಲಿ ಕತ್ತಲ ಆಕಾಶದ ಸಂರಕ್ಷಿತ ಪ್ರದೇಶವನ್ನೇ ಘೋಷಿಸಲಾಯಿತು. ನಮಗೆ ಅಷ್ಟು ಬೇಡ, ಕಮಲಾಪುರದ ಮಕ್ಕಳಿಗೆ ಮಹಾವ್ಯಾಧ ಕಂಡರೆ ಸಾಕು. ಇನ್ನು ಕಾಲೇಜುಗಳ ಬೀರುಗಳ ಬೀಗ ತೆಗೆಯಲು ಯಾವ ಅನುದಾನವೂ ಬೇಕಿಲ್ಲ.

ಈ ನೆಲಕ್ಕೆ ಆಕಾಶ ಹೊಸದಲ್ಲ. ನಮ್ಮ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷನ ಆಶ್ರಯದಲ್ಲಿ ಒಂಬತ್ತನೆಯ ಶತಮಾನದಲ್ಲಿ ಗಣಿತಜ್ಞ ಮಹಾವೀರಾಚಾರ್ಯನಿದ್ದ. ಕಲಬುರಗಿಯಿಂದ ಆಳಿದ ಬಹಮನಿ ಸುಲ್ತಾನ ಫಿರೋಜ್ ಷಾ 1407ರಲ್ಲಿ ದೌಲತಾಬಾದಿನ ಬಳಿ ವೇಧಶಾಲೆಯೊಂದನ್ನು ಕಟ್ಟಿಸಲು ಆಜ್ಞೆಯಿತ್ತಿದ್ದನೆಂದು ಇತಿಹಾಸಕಾರ ಫೆರಿಷ್ತಾ ದಾಖಲಿಸಿದ್ದಾನೆ. ಅದರ ಹೊಣೆ ಹೊತ್ತಿದ್ದ ಹಕೀಂ ಹಸನ್ ಗಿಲಾನಿ ತೀರಿಕೊಂಡದ್ದರಿಂದ ಕೆಲಸ ಅರ್ಧಕ್ಕೇ ನಿಂತುಹೋಯಿತು. ಹಳೆಯ ವೈಭವವನ್ನು ಕೊಂಡಾಡಲು ಈ ಮಾತನ್ನು ಎತ್ತಲಿಲ್ಲ. ಒಬ್ಬ ದೊರೆಯ ಆಸಕ್ತಿ, ಒಬ್ಬ ವಿದ್ವಾಂಸನ ಆಯುಷ್ಯ ಇವೆರಡನ್ನೇ ನೆಚ್ಚಿದ ವಿಜ್ಞಾನ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಆ ಅಪೂರ್ಣ ವೇಧಶಾಲೆಯೇ ಸಾಕ್ಷಿ. ಒಂಟಿ ದೀಪವೊಂದು ಆರಿದಾಗ ಬೆಳಗಲು ಪಕ್ಕದಲ್ಲಿ ಮತ್ತೊಂದಿರಲಿಲ್ಲ. ಇಂದಿಗೂ ನಮ್ಮ ಎಷ್ಟೋ ಕಾಲೇಜುಗಳಲ್ಲಿ ಉತ್ಸಾಹಿ ಅಧ್ಯಾಪಕರೊಬ್ಬರು ವರ್ಗವಾದ ದಿನವೇ ವಿಜ್ಞಾನ ಸಂಘ ಮುಚ್ಚಿಹೋಗುತ್ತದೆ.

ದೈತ್ಯ ನಕ್ಷತ್ರಗಳಿಗೆ ಆಯ್ಕೆಯಿಲ್ಲ. ಅವು ಉರಿಯುತ್ತವೆ, ಬೀಸುತ್ತವೆ, ಸಿಡಿಯುತ್ತವೆ. ಹುಟ್ಟುವುದು ಹುಟ್ಟುತ್ತದೆ, ಚದುರುವುದು ಚದುರುತ್ತದೆ. ಮನುಷ್ಯ ಸಮಾಜಕ್ಕೆ ಆಯ್ಕೆಯಿದೆ. ಕಮಲಾಪುರದ ಆ ರೈತರಿಗೆ ಯಾವ ಕಂದನ್ನು ಉಳಿಸಬೇಕೆಂಬುದು ತಿಳಿದಿರುವಂತೆ, ಯಾವ ಊರಿನಲ್ಲಿ ಯಾವ ಮಗುವಿನ ಪ್ರಶ್ನೆಯನ್ನು ಉಳಿಸಿ ಬೆಳೆಸಬೇಕೆಂಬುದು ನಮಗೂ ತಿಳಿದಿರಬೇಕು.

ಮುಂದಿನ ಬೇಸಿಗೆಯ ಆರಂಭದಲ್ಲಿ, ಸಪ್ತರ್ಷಿ ಮಂಡಲ ಎತ್ತರಕ್ಕೇರುವ ಹೊತ್ತಿಗೆ, ಮತ್ತೆ ಅದೇ ಹೊಲಕ್ಕೆ ಹೋಗಬೇಕೆಂದಿದ್ದೇನೆ. ಈ ಬಾರಿ ದೂರದರ್ಶಕದ ಜೊತೆಗೆ ಒಂದು ಲ್ಯಾಪ್‌ಟಾಪನ್ನೂ ಒಯ್ಯುತ್ತೇನೆ. ಉತ್ತರದ ಆಕಾಶದಲ್ಲಿ ಐ.ಸಿ. 2574 ಇರುವ ಕತ್ತಲ ಜಾಗವನ್ನು ಬೆರಳಿನಿಂದ ತೋರಿಸಿ, ಅದರ ಅತಿನೇರಳೆ ಚಿತ್ರವನ್ನು ಪರದೆಯ ಮೇಲೆ ತೆರೆದಿಡುತ್ತೇನೆ. ರಂಧ್ರಗಳ ಅಂಚಿನಲ್ಲಿರುವ ಚುಕ್ಕಿಗಳನ್ನು ಆ ಹುಡುಗಿಯೇ ಎಣಿಸಲಿ. ಎಲ್ಲಿ ಓದಬೇಕೆಂದು ಅವಳು ಮತ್ತೆ ಕೇಳಿದರೆ, ಬೆಂಗಳೂರಿನ ಹೆಸರು ಹೇಳುವ ಮೊದಲು, ‘ಇಲ್ಲಿಂದಲೇ ಶುರುಮಾಡೋಣ’ ಎನ್ನುವ ಧೈರ್ಯ ನನಗೆ ಬರಬೇಕು. ಆ ಮಾತು ಸುಳ್ಳಾಗದಂತೆ ನೋಡಿಕೊಳ್ಳುವ ಹೊಣೆ ನನ್ನೊಬ್ಬನದಲ್ಲ.